ಅಕ್ಕನ ನಡುಗೋಡೆ

ಪಕ್ಕದ ಮನೆಯ ಅಕ್ಕ ಹಾಳಾದದ್ದು ಹಣೆಬರಹದಿಂದಲ್ಲ, ನಾವೆಲ್ಲ ಬಾಯಿ ಮುಚ್ಚಿಕೊಂಡಿದ್ದರಿಂದ. ಮೊನ್ನೆ ಗುಡಿಯ ಹತ್ತಿರ ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಗಾರೆ ಅರೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿಯಿತು, ಎಲ್ಲ ನೆನಪಾಯಿತು.

ಶಿಡ್ಲಘಟ್ಟದ ನಮ್ಮ ಬೀದಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಅಕ್ಕನದು ಹಳೆಯ ಹೆಂಚಿನ ಮನೆ; ಅವಳಿಗೂ ನಮಗೂ ನಡುವೆ ಒಂದೇ ಗೋಡೆ. ಗಂಡ ಸತ್ತ ಮೇಲೆ ಮುಂದಿನ ಅರ್ಧ ಮನೆಯನ್ನು ರೇಷ್ಮೆ ನೂಲು ತೆಗೆಯುವವರಿಗೆ ಬಾಡಿಗೆಗೆ ಕೊಟ್ಟಿದ್ದಳು. ಅವಳ ಅನ್ನ ಅದೇ. ಹಿತ್ತಲ ಬಾವಿಯ ನೀರು ವರ್ಷ ವರ್ಷಕ್ಕೂ ಉಪ್ಪಾಗುತ್ತಾ ಬಂತು. ಅದನ್ನೇ ಕುಡಿದ ನಾಲಿಗೆಗೆ ತಿಳಿಯುತ್ತಿರಲಿಲ್ಲ, ನೂಲಿಗೆ ತಿಳಿಯುತ್ತಿತ್ತು. ಆ ನೀರಲ್ಲಿ ರೇಷ್ಮೆಗೂಡು ಬೇಯಿಸಿದರೆ ನೂಲಿಗೆ ಹೊಳಪು ಬರದು. ನೂಲಿನವರು ಒಬ್ಬೊಬ್ಬರಾಗಿ ಮನೆ ಬಿಟ್ಟು ಸಿಹಿನೀರಿದ್ದ ಬಸ್‌ಸ್ಟ್ಯಾಂಡಿನ ಕಡೆಗೆ ಹೋದರು. ಕುಡಿದ ಬಾವಿಯನ್ನು ಹಳಿಯಬಾರದೆಂಬ ನಂಬಿಕೆ ನಮ್ಮಲ್ಲಿ. ಹಾಗಾಗಿ ಹೋಗುವಾಗ ಎಲ್ಲರೂ ಅಕ್ಕನಿಗೆ ಹೇಳಿದ್ದು ಒಂದೇ ಮಾತು: "ಸೂರು ಸೋರ್ತದಮ್ಮ."

ಅಕ್ಕ ನಂಬಿದಳು. ಸಾದಲಿಯ ಹತ್ತಿರವಿದ್ದ ಹಿಪ್ಪುನೇರಳೆ ತೋಟ ಮಾರಿ ಮನೆ ಬಿಚ್ಚಿಸಿದಳು. ಹೊಸ ಹೆಂಚು, ಹೊಸ ತೊಲೆ, ನಡುಗೋಡೆಗೆ ಬುಡದಿಂದ ಗಾರೆ. ನನಗೆ ನಿಜ ಗೊತ್ತಿತ್ತು. ನೂಲಿನವರ ಹೆಂಗಸರು ಬಟ್ಟೆ ಒಗೆಯುವಾಗ ಗುಟ್ಟಾಗಿ ಹೇಳಿದ್ದರು. ನಾನು ಬಾಯಿ ಬಿಡಲಿಲ್ಲ. ಗೋಡೆ ನಮ್ಮ ಕಡೆಯೂ ಉದುರುತ್ತಿತ್ತು... ಪುಕ್ಕಟೆ ರಿಪೇರಿ ಯಾರಿಗೆ ಬೇಡ?

"ನಿನ್ನ ಕಡೆಗೂ ಬಳಿಸ್ತೀನಿ ಕಣೇ. ಇಲಿ ಬಿಲ ತೋಡಕ್ಕೆ ಬಂದ್ರೆ ಅದರ ಹಲ್ಲೇ ಮುರೀಬೇಕು," ಎಂದು ನಗುತ್ತಿದ್ದಳು.

ಚಿಂತಾಮಣಿಯಿಂದ ನೂಲಿನ ಸಾಹೇಬರೊಬ್ಬರು ಮನೆ ನೋಡಲು ಬಂದರು. ತೊಲೆ ತಟ್ಟಿ ಮೆಚ್ಚಿದರು. ಆಮೇಲೆ ಹಿತ್ತಲಿಗೆ ಹೋಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿ, ನುಂಗದೆ ಉಗುಳಿದರು. ನುಂಗದವರಿಗೆ ಬಾವಿಯ ಹಂಗಿಲ್ಲ.

"ಮನೇನ ಅರಮನೆ ಮಾಡಿದ್ದೀರಮ್ಮ. ಈ ನೀರಲ್ಲಿ ನೂಲು ಬರಲ್ಲ. ಯಾರೂ ಹೇಳ್ಲಿಲ್ವಾ?"

"ಸೂರು ಅಂದ್ರಲ್ಲಪ್ಪ ಎಲ್ರೂ..." ಅಕ್ಕ ನನ್ನ ಕಡೆ ತಿರುಗಿದಳು. "ನಿಂಗೊತ್ತಿತ್ತೇನೇ?"

"ಇಲ್ಲ ಕಣಕ್ಕ," ಅಂದೆ.

ಖಾಲಿಯಾಗುತ್ತಿದ್ದ ಬೀದಿಗೆ ಬೇರೆ ಯಾರು ಬಾಡಿಗೆಗೆ ಬರುತ್ತಾರೆ? ಮನೆಯನ್ನು ಮನೆಯಾಗಿ ಕೊಳ್ಳುವವರೂ ಇರಲಿಲ್ಲ. ಹೆಂಚು ಸಾಕು, ತೊಲೆ ಸಾಕು, ಬಾಗಿಲು ಸಾಕು ಎನ್ನುವವರಿದ್ದರು. ಅಕ್ಕ ಬಿಡಿಬಿಡಿಯಾಗಿ ಮಾರಿ, ಮಳೆಗಾಲಕ್ಕೆ ಮೊದಲು ಗೌರಿಬಿದನೂರಿನ ತಂಗಿಯ ಮನೆ ಸೇರಿದಳು. ಹೊರಡುವಾಗ ನಡುಗೋಡೆಯನ್ನೊಮ್ಮೆ ತಟ್ಟಿದಳು. ಅಲ್ಲೇ ತೀರಿಕೊಂಡಳಂತೆ... ನಾನು ನೋಡಲು ಹೋಗಲಿಲ್ಲ.

ಆ ಗೋಡೆ ಇವತ್ತಿಗೂ ಬಿರುಕು ಬಿಟ್ಟಿಲ್ಲ. ಆಚೆ ಕಡೆ ಬರೀ ಬಯಲು. ಅಕ್ಕ ಹೋದ ಮರುದಿನ ಬೆಳಿಗ್ಗೆ ನಾನು ಅದಕ್ಕೊಂದು ಮೊಳೆ ಹೊಡೆದು ಮೊರ ನೇತುಹಾಕಿದೆ. ಮೊದಲನೆಯ ಮೊಳೆ ಬಾಗಿತು. ಎರಡನೆಯದು ಇಳಿಯಿತು.