ತಪ್ಪು ಅರ್ಥ್ ವೈರಿನದು, ಸುಮಿತ್ರಾಳದಲ್ಲ

ನನ್ನ ಹೆಂಡತಿ ಸುಮಿತ್ರಾಗೆ ಕಾರು ಓಡಿಸಲು ಬರುವುದಿಲ್ಲ ಎಂದು ಜಮಖಂಡಿಯಲ್ಲಿ ಎಲ್ಲರನ್ನೂ ನಂಬಿಸಿದವನು ನಾನು. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಆಕೆ ಬೀಳಗಿಯ ಕಡೆ ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು. ನಮ್ಮ ಹಳೆಯ ಕಾರನ್ನು ನನಗಿಂತ ಚೆನ್ನಾಗಿ ಓಡಿಸುತ್ತಿದ್ದಳು — ಅದೇ ನನಗೆ ಚುಚ್ಚುತ್ತಿತ್ತು. ಒಂದು ಮಳೆಗಾಲ ಕಾರು ಕಾಡತೊಡಗಿತು. ಸೆಲ್ಫ್ ಹೊಡೆದರೆ ಬರೀ ಟಕ್ ಟಕ್, ಲೈಟು ಮಂಕು. ಸಂತೆಯ ದಿನ ಆಕೆ ಓಡಿಸುತ್ತಿದ್ದಾಗ ಬಜಾರದ ನಡುವೆ ನಿಂತೇಬಿಟ್ಟಿತು. ಹಿಂದೆ ಹಾರ್ನುಗಳ ಗದ್ದಲ. ಪಕ್ಕದಲ್ಲಿ ಕೂತಿದ್ದ ನಾನು ಗಾಜು ಇಳಿಸಿ, ಜನರಿಗೆ ಕೇಳಲೆಂದೇ, "ಗಾಡಿ ಹೊಡಿಯೂದು ಹೆಂಗಸರ ಕೆಲಸಲ್ಲ ಬಿಡು" ಎಂದೆ. ಜನ ನಕ್ಕರು. ಹಿಂದಿನ ಸೀಟಿನಲ್ಲಿದ್ದ ಆಕೆಯ ತಮ್ಮನೂ ನಕ್ಕ.

ಮರುದಿನ ನಾನೊಬ್ಬನೇ ಕಾರನ್ನು ತಳ್ಳಿಸಿ ಚಾಲೂ ಮಾಡಿಕೊಂಡು ಎಲೆಕ್ಟ್ರಿಷಿಯನ್ ಇಮಾಮಸಾಬನ ಅಂಗಡಿಗೆ ಒಯ್ದೆ. ಹೆಂಡತಿ ಕೆಡಿಸಿದ್ದಾಳೆ ಎಂದೆ. ಆತ ಬಾನೆಟ್ ಎತ್ತಿ, ಬ್ಯಾಟರಿಯಿಂದ ಕಾರಿನ ತಗಡಿಗೆ ಬರುವ ಕಪ್ಪು ಅರ್ಥ್ ವೈರು ತೋರಿಸಿದ. ಬೋಲ್ಟಿನ ಬುಡವೆಲ್ಲ ತುಕ್ಕು.

"ಅರ್ಥ್ ಹಿಡದಿಲ್ರಿ ಸಾಹೇಬ್ರ. ಕರೆಂಟ್ ತಿರುಗಿ ಬ್ಯಾಟರಿಗೆ ಬರಾಕ ದಾರೀನ ಇಲ್ಲ. ಹಿಂಗಿದ್ರ ಯಾರು ಹೊಡದ್ರೂ ಗಾಡಿ ನಿಲ್ಲತೈತಿ. ಅಕ್ಕಾರ ತಪ್ಪಲ್ರಿ ಇದು."

ತುಕ್ಕು ಕೆರೆದು, ತಗಡು ಹೊಳೆಯುವಂತೆ ಮಾಡಿ, ಬೋಲ್ಟು ಬಿಗಿದ. ಅಷ್ಟೇ. ತರಿಸಿದ ಚಹಾ ಆರುವುದರೊಳಗೆ ಮುಗಿಯಿತು. ಮನೆಗೆ ಬಂದವನು ಆಕೆಯ ಎದುರು ಸೆಲ್ಫ್ ಹೊಡೆದೆ.

"ನೋಡು, ನನ್ನ ಕೈಯಾಗ ಹೆಂಗ ಚಾಲೂ ಆತು!"

ಎಂಥ ನೀಚತನ! ಆ ಮಾತು ನೆನಪಾದರೆ ಇವತ್ತಿಗೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಕೆ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಬಸ್ಸಿಗೆ ಓಡಾಡಿದಳು. ಮುಂದೆ ಅನಗವಾಡಿ ಕಡೆಯ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯಿನಿಯಾಗಿ ಕರೆದರು. ಬಸ್ಸಿನ ವೇಳೆ ಹೊಂದುವಂತಿರಲಿಲ್ಲ. "ನನಗ ಗಾಡಿ ಹೊಡಿಯಾಕ ಬರೂದಿಲ್ರಿ" ಎಂದು ಫೋನಿನಲ್ಲಿ ಹೇಳಿ, ಬೇಡವೆಂದಳು. ನನ್ನ ಸುಳ್ಳು ಆಕೆಯ ಬಾಯಿಂದಲೇ ಬರುತ್ತಿತ್ತು — ನಾನು ಪೇಪರು ಓದುತ್ತ ಕೂತಿದ್ದೆ. ಒಂದು ಮಾತು ಸಾಕಿತ್ತು... ಆಡಲಿಲ್ಲ.

ಮೊನ್ನೆ ಆಕೆಯ ನಿವೃತ್ತಿಯ ದಿನ ಶಾಲೆಯವರು ನನಗೂ ಶಾಲು ಹೊದಿಸಿದರು! "ದಿನಾ ಬಸ್‌ಸ್ಟ್ಯಾಂಡಿಗೆ ಬಿಡತಿದ್ರು, ಇಂಥಾ ಗಂಡ ಸಿಗಬೇಕ್ರಿ" ಎಂದರು. ಚಪ್ಪಾಳೆ ಬೇರೆ. ಆ ಸುಳ್ಳು ಹೊಗಳಿಕೆ ಹೊರಲಾಗಲಿಲ್ಲ. ಮನೆಗೆ ಬಂದು ಎಲ್ಲ ಹೇಳಿದೆ — ಅಳುತ್ತ ಹೇಳಿದೆ.

ಮದುವೆಯಾದಾಗಿನಿಂದ 'ರೀ' ಹಚ್ಚಿಯೇ ಮಾತಾಡಿದವಳು ಅಂದು ಅದನ್ನು ಬಿಟ್ಟಳು.

"ನನ್ನ ಮುಂದ ಅಳಬ್ಯಾಡ. ಯಾರ ಮುಂದ ನನ್ನ ಮಾನ ಕಳದಿ, ಅವರ ಮುಂದ ಹೋಗಿ ಹೇಳು."

ನಿನ್ನೆ ಬನಹಟ್ಟಿಗೆ ಹೋಗಿ ಆಕೆಯ ತಮ್ಮನಿಗೆ ಹೇಳಿದೆ. ಮಗ್ಗ ನಿಲ್ಲಿಸಿ ಕೇಳಿದ. "ಅವತ್ತ ನಾನೂ ನಕ್ಕಿದ್ನಲ್ರಿ ಮಾಮಾ" ಎಂದು ಮುಖ ತಿರುಗಿಸಿದ. ಕೂಡ್ರಿ ಎನ್ನಲಿಲ್ಲ. ಸರಿಯಾಗಿಯೇ ಮಾಡಿದ.

ಇನ್ನೂ ಹಲವರಿದ್ದಾರೆ. ಒಬ್ಬೊಬ್ಬರಿಗೂ ಹೇಳುತ್ತೇನೆ. ಆದರೆ ಆಕೆ ನಡೆಸಬೇಕಿದ್ದ ಶಾಲೆಯನ್ನು ಬೇರೆ ಯಾರೋ ನಡೆಸಿದರು — ಅದನ್ನು ಯಾರಿಗೆ ಏನು ಹೇಳಿಯೂ ತಂದುಕೊಡಲಾರೆ.