ತಿರುವಿ ಹಾಕಿದ ಪತ್ತಿ

ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ತಗಡಿನ ಪತ್ರಾಸು ಹೊದಿಸಿದ ನಮ್ಮದೊಂದು ಅಂಗಡಿ ಇತ್ತು. ಅರ್ಧದಲ್ಲಿ ನಮ್ಮ ಮನೆಯವರು ಮೋಟಾರ್‌ಸೈಕಲ್ ರಿಪೇರಿ ಮಾಡುತ್ತಿದ್ದರು, ಇನ್ನರ್ಧದಲ್ಲಿ ನಾನು ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೆ. ನಡುವೆ ಒಂದು ಗೋಣಿತಟ್ಟಿನ ಪರದೆ. ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹೊಲಿದು ಕೊಟ್ಟ ಜಂಪರಿಗೆ ಪೆಟ್ರೋಲ್ ವಾಸನೆ ಬಡಿದಿದೆ ಎಂದು ವಾರಕ್ಕೊಬ್ಬರಾದರೂ ಬೈದು ಹೋಗುತ್ತಿದ್ದರು. ಆದರೂ ಮತ್ತೆ ಬರುತ್ತಿದ್ದರು.

ಒಂದು ಮುಂಜಾನೆ ಚಾಚಾ ಟಂಟಂನಲ್ಲಿ ಇಂಜಿನ್ ಹೇರಿಕೊಂಡು ಬಂದರು. ಭೀಮಾ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ ದೋಣಿ ನಡೆಸುತ್ತಿದ್ದ ಹಿರಿಯರು ಅವರು, ಎಲ್ಲರಿಗೂ ಚಾಚಾ. ಮಂದಿಯನ್ನೂ ಬೀಜದ ಚೀಲಗಳನ್ನೂ ಆಚೆ ದಂಡೆಯ ಹೊಲಗಳಿಗೆ ಮುಟ್ಟಿಸುವುದೇ ಅವರ ಕೆಲಸ. ಬಲಭುಜ ಹಿಡಿದುಹೋಗಿ ಹುಟ್ಟು ಹಾಕುವುದು ಆಗದಾದಾಗ, ಕೊಂಕಣದ ಮೀನುಗಾರರು ಬಳಸಿ ಬಿಟ್ಟ ಸಣ್ಣ ಇಂಜಿನ್ ಒಂದನ್ನು ಸೊಲ್ಲಾಪುರದ ಗುಜರಿಯಿಂದ ತಂದು ದೋಣಿಯ ಹಿಂಬದಿಗೆ ಕೂಡಿಸಿಕೊಂಡಿದ್ದರು. "ಇದು ಇರೂತನಕ ನಾ ಹೊಳಿ ಮ್ಯಾಲ. ಇದು ಹೋತಂದ್ರ ಜೇವರ್ಗಿ ಮಗಳ ಮನಿ ಪಡಸಾಲಿ ಮ್ಯಾಲ," ಎನ್ನುತ್ತಿದ್ದರು. ನಗುತ್ತಲೇ ಎನ್ನುತ್ತಿದ್ದರು, ಆದರೆ ಮಗಳ ಮನೆಗೆ ಹೋಗಿ ಕೂಡುವುದು ಅವರಿಗೆ ಬೇಡವಾಗಿತ್ತು.

ಮೋಟಾರ್‌ಸೈಕಲ್ಲಿನಂತೆ ಅದೂ ಟೂ ಸ್ಟ್ರೋಕ್ ಇಂಜಿನ್ನೇ. ಮನೆಯವರು ಹಗ್ಗ ಜಗ್ಗಿ ಚಾಲೂ ಮಾಡಲು ನೋಡಿದರು. ಕಾರ್ಬೊರೇಟರಿನ ಬಾಯಿಂದ ಪೆಟ್ರೋಲ್ ಹೊರಕ್ಕೆ ಚಿಮ್ಮಿತು.

"ಚಾಚಾ, ಉಣ್ಣೂದಕ್ಕಿಂತ ಕಾರೂದ ಜಾಸ್ತಿ ಆಗೇದ ರಿ ಇದರದು."

"ನನ್ನಂಗ ಮುದುಕ ಆಗೇದ ಬೇಟಾ. ಉಂಡಿದ್ದು ಹೊಟ್ಟಿಗೆ ಹತ್ತವಲ್ದು."

ಬಿಚ್ಚಿ ನೋಡಿದರೆ ದೋಷ ರೀಡ್ ವಾಲ್ವಿನದು. ಕಂಬಾರರ ತಿದಿಯೊಳಗೆ ಗಾಳಿಯನ್ನು ಒಳಗೆ ಬಿಟ್ಟು ಮರಳಿ ಹೋಗಗೊಡದ ತೊಗಲಿನ ತುಂಡು ಇರುತ್ತದಲ್ಲ, ಅದೇ ಕೆಲಸವನ್ನು ಇಲ್ಲಿ ಉಕ್ಕಿನ ನಾಲ್ಕು ತೆಳು ಪತ್ತಿಗಳು ಮಾಡುತ್ತವೆ. ನನ್ನ ಕಣ್ಣು ಚುರುಕೆಂದು ಇಂಥ ಸೂಕ್ಷ್ಮ ಕೆಲಸಕ್ಕೆ ಮನೆಯವರು ನನ್ನನ್ನು ಕರೆಯುತ್ತಿದ್ದರು. ಬಿಸಿಲಿಗೆ ಹಿಡಿದು ನೋಡಿದೆ. ಎರಡು ಪತ್ತಿ ಸರಿಯಾಗಿ ಕೂತಿದ್ದವು, ಇನ್ನೆರಡರ ತುದಿ ಮೇಲಕ್ಕೆದ್ದು ಕೆಳಗಿನಿಂದ ಬೆಳಕು ಬರುತ್ತಿತ್ತು.

ಮನೆಯವರು ರಟ್ಟಿನ ಮೇಲೆ ಪತ್ತಿಯ ಅಳತೆ ಬರೆದು, ಕತ್ತರಿಸಿ, ಸೊಲ್ಲಾಪುರ ಬಸ್ಸಿನ ಡ್ರೈವರ ಕೈಗೆ ಕೊಟ್ಟರು. ನಮ್ಮ ಸಾಮಾನೆಲ್ಲ ಬರುತ್ತಿದ್ದದ್ದು ಹಾಗೆಯೇ. ಸಂಜೆಗೆ ಉತ್ತರ ಬಂತು: ಫೈಬರಿನವು ಇವೆ, ಆದರೆ ಮೋಟಾರ್‌ಸೈಕಲ್ಲಿನವು, ಗಿಡ್ಡ; ಉಕ್ಕಿನವು ಮುಂಬೈಯಿಂದ ಬರಬೇಕು, ಎಂಟು ದಿನ.

ಗಿಡ್ಡ ಪತ್ತಿ ತೂತನ್ನೇ ಮುಚ್ಚದು, ಹಾಗಾಗಿ ಉಕ್ಕಿನವೇ ಬೇಕೆಂದು ಮನೆಯವರು ಹೇಳಿ ಕಳಿಸಿದರು. ಮರುದಿನ ಚಾಚಾ ಬಂದು ಸುದ್ದಿ ಕೇಳಿ ಮುಖ ಸಣ್ಣ ಮಾಡಿಕೊಂಡರು. ಹಿಂಗಾರಿ ಜೋಳದ ಬಿತ್ತನೆ ಆಗಲೇ ಶುರುವಾಗಿತ್ತು. ಎಂಟು ದಿನ ದೋಣಿ ನಿಂತರೆ ಮಂದಿ ಬೇರೆ ದೋಣಿ ಹುಡುಕಿಕೊಳ್ಳುತ್ತಾರೆ, ಹೋದವರು ಮರಳುವುದಿಲ್ಲ. ಚಹಾ ಕುಡಿದು ಬರುತ್ತೇನೆಂದು ಅವರು ಹೋಟೆಲಿನ ಕಡೆ ಹೋದರು. ಆಗ ನಾನು ಬಾಯಿ ಹಾಕಿದೆ.

"ಏನ್ರಿ, ಆ ಪತ್ತಿ ತಿರುವಿ ಹಾಕ್ರಲ್ಲ. ಮ್ಯಾಲ ಬಗ್ಗಿದ್ದು ಕೆಳಗ ಆತಂದ್ರ ಇನ್ನೂ ಬಿಗಿ ಕುಂದರ್ತದ."

ಆಳಂದದ ನನ್ನ ತವರುಮನೆಯಲ್ಲಿ ಅವ್ವ ಸವೆದ ಅಂಗಿಯ ಕಾಲರ್ ಬಿಚ್ಚಿ, ಒಳಮೈ ಹೊರಗೆ ಮಾಡಿ ಹೊಲಿಯುತ್ತಿದ್ದಳು. ಹಾಸಿ ಸವೆದ ಚಾದರವನ್ನೂ ನಡುವೆ ಹರಿದು, ಅಂಚನ್ನು ನಡುವಿಗೆ ತಂದು ಜೋಡಿಸುತ್ತಿದ್ದಳು. ನಾನು ಕಲಿತದ್ದೂ ಅದೇ, ಹೊಲಿದದ್ದೂ ಅದೇ. ಯಾವ ವಸ್ತುವಿಗೂ ಎರಡನೆಯ ಮಗ್ಗಲು ಇರುತ್ತದೆಂದು ನನಗೆ ಗಟ್ಟಿ ನಂಬಿಕೆ.

"ಇದೇನು ಅಂಗಿ ಕಾಲರ್ ಅಂತ ತಿಳದಿ ಏನ್ ಬೇ? ಉಕ್ಕು ಒಂದ್ ಕಡಿ ಬಗ್ಗೇದಂದ್ರ ಅಲ್ಲಿ ಅದರ ಜೀವ ಹೋಗಿರ್ತದ."

"ಎಂಟ್ ದಿನದ ಮಾತು. ಹೊಸಾವು ಬರೂತನಕ ನಡದ್ರ ಸಾಕಲ್ಲ? ಆ ಮುದುಕನ ಮಾರಿ ನೋಡ್ರಿ ಒಂದೀಟು."

ಅವರು ಬಹಳ ಹೊತ್ತು ಪತ್ತಿಯನ್ನು ಬೆರಳಲ್ಲಿ ಆಡಿಸುತ್ತ ಕೂತರು. ನಾನು ಇನ್ನೆರಡು ಸಲ ಅದನ್ನೇ ಹೇಳಿದೆ. ಕೊನೆಗೆ ತಿರುವಿ ಹಾಕಿದರು. ಬಿಸಿಲಿಗೆ ಹಿಡಿದರೆ ಎಲ್ಲಿಯೂ ಬೆಳಕಿಲ್ಲ. ಚಾಚಾ ಬಂದಾಗ, "ಸದ್ಯಕ್ಕ ನಡೀತದ ರಿ, ಭಾಳ ಜೋರ್ ಮಾಡಬ್ಯಾಡ್ರಿ," ಎಂದಷ್ಟೇ ಹೇಳಿ ಕಳಿಸಿದರು.

ಮೂರನೆಯ ದಿನ ಚಾಚಾ ಟವೆಲ್ಲಿನ ತುಂಬ ಎಳೆ ಸೌತೆಕಾಯಿ ಕಟ್ಟಿಕೊಂಡು ಬಂದರು. "ಒಂದ ಜಗ್ಗಿಗೆ ಚಾಲೂ ಆಗ್ತದ ಬೇಟಾ! ನಿನ್ನ ಕೈಯಾಗ ಏನ್ ಜಾದೂ ಅದ?" ಯುಕ್ತಿ ನನ್ನದು ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಗಂಡನ ಎದುರು ಸಣ್ಣತನವಾದೀತೆಂದು ನುಂಗಿಕೊಂಡೆ. ಒಳಗೊಳಗೇ ಹಿಗ್ಗಿದೆ.

ಆರನೆಯ ದಿನ ನಡುಹೊಳೆಯಲ್ಲಿ ಇಂಜಿನ್ ಒಮ್ಮೆ ಕಟಕಟ ಎಂದು ನಿಂತುಬಿಟ್ಟಿತು. ದೋಣಿಯಲ್ಲಿ ಹನ್ನೊಂದು ಮಂದಿ. ಮಳೆಗಾಲದ ನೀರು ಇನ್ನೂ ಇಳಿದಿರಲಿಲ್ಲ. ಹುಟ್ಟು ಹಾಕಬಲ್ಲವರು ಚಾಚಾ ಒಬ್ಬರೇ. ಅದೇ ಭುಜದಿಂದ ಹುಟ್ಟು ಹಾಕುತ್ತ, ಸೆಳವಿನ ಜೊತೆ ಒಂದು ಮೈಲು ಕೆಳಗೆ ಹೋಗಿ ದೋಣಿಯನ್ನು ದಂಡೆಗೆ ಹಚ್ಚಿದರು. ಯಾರಿಗೂ ಏನೂ ಆಗಲಿಲ್ಲ. ಚಾಚಾನ ಕೈ ಮಾತ್ರ ಮುಂದೆ ತಲೆಯ ರುಮಾಲಿನವರೆಗೂ ಏಳಲಿಲ್ಲ.

ಇಂಜಿನ್ ಬಿಚ್ಚಿದಾಗ ನಾನೂ ನೋಡಿದೆ. ತಿರುವಿದ ಪತ್ತಿಗಳಲ್ಲಿ ಒಂದು, ಹಿಂದೆ ಬಗ್ಗಿದ್ದ ಜಾಗದಲ್ಲೇ ಮುರಿದಿತ್ತು. ತುಂಡು ಒಳಗೆ ಹೋಗಿ ಪಿಸ್ಟನ್ನಿನ ತಲೆಯನ್ನು ಕುಟ್ಟಿ, ಸಿಲಿಂಡರಿನ ಗೋಡೆಯುದ್ದಕ್ಕೂ ಗೀರಿತ್ತು. ತಲೆಪಿನ್ನನ್ನು ಆಚೆ ಈಚೆ ಬಗ್ಗಿಸಿದರೆ ಮುರಿಯುತ್ತದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಆ ಹಳೆಯ ಇಂಜಿನ್ನಿಗೆ ಹೊಂದುವ ಸಿಲಿಂಡರ್ ಸೊಲ್ಲಾಪುರದಲ್ಲೂ ಇಲ್ಲ, ಮುಂಬೈಯಲ್ಲೂ ಇಲ್ಲ ಎಂದಾಯಿತು.

ದೋಣಿಯಲ್ಲಿದ್ದ ರೈತನೊಬ್ಬ ಅಂಗಡಿಯ ಮುಂದೆ ಬಂದು ನಿಂತ. "ಏನ್ ಮಿಸ್ತ್ರಿ, ಹೊಳಿಗೆ ಎಡಿ ಕೊಡಾಕ ಹನ್ನೊಂದ ಮಂದಿ ಸಾಕೋ, ಇನ್ನಷ್ಟ ಬೇಕಿತ್ತೋ?"

ಚಾಚಾ ಕಟ್ಟೆಯ ಮೇಲೆ ಭುಜ ಹಿಡಿದುಕೊಂಡು ಕೂತಿದ್ದರು. ಓಣಿಯ ಮಂದಿ ನೆರೆದಿತ್ತು. ಮನೆಯವರು ಎದ್ದು ನಿಂತು, "ತಪ್ಪು ನಂದ ರಿ. ಪತ್ತಿ ತಿರುವಿ ಹಾಕಬಾರದಿತ್ತು," ಎಂದರು.

ನಾನು ಪರದೆಯ ಈಚೆ ಮಷಿನ್ ತುಳಿಯುತ್ತಲೇ ಇದ್ದೆ. ಸೂಜಿಯಲ್ಲಿ ದಾರವಿರಲಿಲ್ಲ.

ಎದ್ದು ಪರದೆ ಸರಿಸಲು ಎರಡು ಹೆಜ್ಜೆ ಸಾಕಿತ್ತು. ಹೊಗಳಿಸಿಕೊಳ್ಳಲು ಅಷ್ಟು ಅವಸರಪಟ್ಟ ಬಾಯಿ ಅಂದು ತೆರೆಯಲೇ ಇಲ್ಲ. ಆ ಮೇಲೆ ನಾಲ್ಕು ತಿಂಗಳು ಯಾರೂ ನಮ್ಮಲ್ಲಿಗೆ ದೊಡ್ಡ ಕೆಲಸ ತರಲಿಲ್ಲ. ಮನೆಯವರು ಒಂದು ದಿನವೂ ನನ್ನನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಗುತ್ತಿತ್ತು.

ಹೊಸ ಪತ್ತಿಗಳು ಹೇಳಿದ ದಿನಕ್ಕೆ ಸರಿಯಾಗಿ ಬಂದವು.

ಮರುವರ್ಷ ಮದುವೆಯೊಂದಕ್ಕೆ ಜೇವರ್ಗಿಗೆ ಹೋದಾಗ ಚಾಚಾನ ಮಗಳ ಮನೆ ಹುಡುಕಿಕೊಂಡು ಹೋದೆ. ಹೇಳಲೇಬೇಕೆಂದೇ ಹೋದದ್ದು. ಪಡಸಾಲೆಯಲ್ಲಿ ಕೂತಿದ್ದರು, ಸೊರಗಿದ್ದರು. ಕೂಡುವ ಮೊದಲೇ ಕೇಳಿದರು, "ಹೊಳಿ ನೀರು ಎಲ್ಲಿತನಕ ಅದ ಬೇಟಿ? ಬಂಡಿ ಹಾದಿ ಮುಳಗೇದೇನು?"

"ಇಲ್ಲ ರಿ ಚಾಚಾ, ಹಾದಿ ಇನ್ನೂ ಕಾಣಸ್ತದ."

"ಹಂಗಾರ ದೋಣಿ ಬಂಡಿ ತನಕ ಬರಲ್ಲ. ಮೊಣಕಾಲ ನೀರಾಗ ಇಳಿಬೇಕು ಮಂದಿ," ಎಂದರು ಹೊಳೆಯನ್ನೇ ನೋಡುತ್ತಿರುವವರಂತೆ. ಮಗಳು ಚಹಾ ತಂದಿಟ್ಟಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು: "ನಿನ್ನ ಗಂಡ ಭಾಳ ಮನಸಿಗೆ ಹಚಗೊಂಡಾನಂತ ಕೇಳೇನಿ. ನಾ ಮಾಫ್ ಮಾಡೇನಿ ಅಂತ ಹೇಳು ಅವಗ. ಮರೀಬ್ಯಾಡ."

"ಹೇಳ್ತೇನಿ ರಿ," ಎಂದೆ.

ಅಷ್ಟೇ ಎಂದೆ. ಮೂರು ಗಂಟೆಯ ಬಸ್ಸಿಗೆ ಎದ್ದು ಬಂದೆ. ಆ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಅವರ ಮಾತನ್ನು ಮಾತ್ರ ಜೇವರ್ಗಿಯಿಂದ ಬಂದ ದಿನವೇ ಮನೆಗೆ ತಂದು ಮುಟ್ಟಿಸಿದ್ದೆ. ಮನೆಯವರು ಕೈಗೆ ಹತ್ತಿದ ಗ್ರೀಸನ್ನು ಚಿಂದಿಯಿಂದ ಒರೆಸಿಕೊಳ್ಳುತ್ತ ಕೇಳಿಸಿಕೊಂಡು, "ಭಾಳ ದೊಡ್ಡ ಮನುಷ್ಯ," ಎಂದರು. ನನ್ನ ಕಡೆ ನೋಡಲಿಲ್ಲ.