ಸಂಜೆ ಹೊತ್ತು ಬಿಸಿಯಾಗುತ್ತಿದ್ದ ಗಾಡಿ

ಗಂಡ ತಡವಾಗಿ ಮನೆಗೆ ಬಂದರೆ ಹೆಂಡತಿ ಏನು ಕೇಳುತ್ತಾಳೆ ಅನ್ನುವುದು ಎಲ್ಲರಿಗೂ ಗೊತ್ತು. ನಮ್ಮ ಮನೆಯವರು ಆ ಪ್ರಶ್ನೆಗೆ ಒಂದೇ ಉತ್ತರ ಇಟ್ಟುಕೊಂಡಿದ್ದರು: "ಗಾಡಿ ಗರಂ ಆಗಿತ್ತು." ನಾನು ಬೀದರ್ ಕಡೆಯವಳು. ನನ್ನ ತವರಿನಲ್ಲಿ ಗಂಡಸರ ಮಾತನ್ನು ಮೊರದಲ್ಲಿ ಹಾಕಿ ಕೇರಿಯೇ ಒಳಗೆ ತೆಗೆದುಕೊಳ್ಳುವುದು. ಅದೇ ರೂಢಿ ನನ್ನ ಜೊತೆ ಹೈದರಾಬಾದಿಗೂ ಬಂದಿತ್ತು.

ಮಾದಾಪುರದಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಮೆಟ್ರೋ ಇನ್ನೂ ಬಂದಿರಲಿಲ್ಲ. ನಾವು ಕೂಕಟ್‌ಪಲ್ಲಿಯ ಒಂದು ಹಿಂದಿನ ಓಣಿಯಲ್ಲಿದ್ದೆವು, ನಮ್ಮ ಹೊಟ್ಟೆ ಹೊರೆಯುತ್ತಿದ್ದದ್ದು ಒಂದು ಹಳೆಯ ಡೀಸೆಲ್ ವ್ಯಾನ್. ಬೆಳಿಗ್ಗೆ ಆಫೀಸಿನ ಹುಡುಗ ಹುಡುಗಿಯರನ್ನು ಮಾದಾಪುರಕ್ಕೆ ಬಿಡಬೇಕು, ಮಧ್ಯಾಹ್ನ ಸುಲ್ತಾನ್ ಬಜಾರಿನಿಂದ ಬಟ್ಟೆ ಗಂಟು ಹೇರಬೇಕು, ಸಂಜೆ ಅದೇ ಆಫೀಸಿನವರನ್ನು ವಾಪಸು ತರಬೇಕು. ಗಂಟು ಇಳಿಸುವಾಗ ಲೆಕ್ಕ ತಪ್ಪದಿರಲಿ ಅಂತ ಮಧ್ಯಾಹ್ನದ ಟ್ರಿಪ್ಪಿಗೆ ನಾನೂ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ಎಂಜಿನ್ ನಮ್ಮಿಬ್ಬರ ಸೀಟಿನ ನಡುವೆಯೇ, ಒಂದು ಮುಚ್ಚಳದ ಕೆಳಗೆ. ಬೇಸಿಗೆಯಲ್ಲಿ ಆ ಮುಚ್ಚಳದ ಪಕ್ಕ ಕೂರುವುದೆಂದರೆ ರೊಟ್ಟಿ ಹಂಚಿನ ಪಕ್ಕ ಕೂತ ಹಾಗೆಯೇ.

ಸುಳ್ಳು ಯಾಕೆ ಹೇಳಲಿ, ಆ ಬೇಸಿಗೆಯಲ್ಲಿ ಗಾಡಿ ನಿಜವಾಗಿಯೂ ಬಿಸಿಯಾಗುತ್ತಿತ್ತು. ಸೇತುವೆ ಹತ್ತುವಾಗ ಮುಂದಿನಿಂದ ಬುಸ್ಸೆಂದು ಉಗಿ ಏಳುವುದನ್ನು ನಾನೇ ನೋಡಿದ್ದೆ. ದಿನಾ ಬೆಳಿಗ್ಗೆ ರೇಡಿಯೇಟರಿಗೆ ನೀರು ತುಂಬಿದರೆ ಸಂಜೆಗೆ ಅರ್ಧ ಇರುತ್ತಿರಲಿಲ್ಲ. ಆದರೆ ಗಾಡಿ ನಿಂತ ಜಾಗದಲ್ಲಿ ನೆಲ ಒದ್ದೆಯಾಗುತ್ತಿರಲಿಲ್ಲ. ಹಾಗಾದರೆ ನೀರು ಎಲ್ಲಿಗೆ ಹೋಗುತ್ತಿದೆ? ನೀರು ಕದಿಯುವವರೂ ಇರುತ್ತಾರೆಯೇ ಅಂತ ಒಂದು ದಿನ ಪಕ್ಕದ ಆಟೋದವನ ಮೇಲೂ ನನಗೆ ಅನುಮಾನ ಬಂದಿತ್ತು.

ಮೆಕ್ಯಾನಿಕ್ ಮೇಲೆ ಅನುಮಾನ ಬರಲು ಕಾರಣವೇ ಬೇಕಿರಲಿಲ್ಲ. ಅವನು ಗಾಡಿಯ ಎಂಜಿನ್ ನೋಡುವ ಮೊದಲು ಗಿರಾಕಿಯ ಮುಖ ನೋಡುವವನು. ರೋಗ ಮುಖದಲ್ಲೇ ಇದೆ ಅನ್ನುವ ಹಾಗೆ. "ಹೆಡ್ ಗ್ಯಾಸ್ಕೆಟ್ ಗಯಾ ಅಮ್ಮಾ, ಎಂಜಿನ್ ಖೋಲ್ನಾ ಪಡತಾ" ಅಂದ. ಎಂಜಿನ್ ಬಿಚ್ಚಿಸಿಕೊಂಡವರ ಮನೆ ಬಿಚ್ಚಿಹೋದದ್ದನ್ನು ನಾನು ಕಂಡಿದ್ದೆ. ನಮ್ಮ ಆಚೆ ಓಣಿಯಲ್ಲಿ ಲಾರಿ ಬಿಟ್ಟು ಮನೆ ಸೇರಿದ್ದ ಒಬ್ಬ ಮುದುಕ ಡ್ರೈವರ್ ಇದ್ದ. ಅವನನ್ನು ಕೇಳಿ ಬಂದೆ. ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ನೀರು ಆಯಿಲ್ ಬೆರೆಯದ ಹಾಗೆ ತಡೆಯುವ ಪಟ್ಟಿ, ಹೋಗಿದ್ದರೆ ಆಯಿಲ್ ಕಡ್ಡಿಗೆ ಹಾಲು ಬೆರೆಸಿದಂಥ ಬಿಳುಪು ಹತ್ತಿರುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ, ತಣ್ಣಗಿರುವಾಗ ಕ್ಯಾಪ್ ತೆಗೆದು ಚಾಲೂ ಮಾಡಿದರೆ ನೀರಿನಲ್ಲಿ ಗುಳ್ಳೆ ಏಳುತ್ತಲೇ ಇರುತ್ತವೆ ಅಂತ ಅವನು ಹೇಳಿದ. ಮೆಕ್ಯಾನಿಕ್ ಎದುರಿಗೇ ಮೂರೂ ನೋಡಿದೆ. ಆಯಿಲ್ ಕಪ್ಪಗೆ ಸರಿಯಾಗಿತ್ತು, ಹೊಗೆ ಎಂದಿನ ಹೊಗೆ, ನೀರು ತುಕ್ಕಿನ ಬಣ್ಣಕ್ಕಿದ್ದರೂ ಸುಮ್ಮನೆ ನಿಂತಿತ್ತು. ಮೆಕ್ಯಾನಿಕ್ ಮೀಸೆ ತಿರುವಿಕೊಂಡು, "ತೋ ಥರ್ಮೋಸ್ಟಾಟ್ ಹೋಯಿಂಗಾ" ಅಂದ, ಹಾಗಾದರೆ ಕೆಟ್ಟದ್ದು ಅದೇ ಇರಬೇಕು ಅಂತ.

ಎಂಜಿನ್ ಕಾದಾಗ ತೆರೆದು ರೇಡಿಯೇಟರಿಗೆ ನೀರು ಬಿಡುವ ಸಣ್ಣ ವಾಲ್ವು ಅದು. ಬಿಸಿಲ ದೇಶದಲ್ಲಿ ಅದು ಯಾಕೆ, ಕಿತ್ತು ಒಗೆಯೋಣ ಅಂದ. ಅವನು ಒಗೆಯುವುದಿಲ್ಲ, ಮಾರಿಕೊಳ್ಳುತ್ತಾನೆ ಅಂತ ನನಗೆ ಖಾತ್ರಿ. ಬಿಚ್ಚಿಸಿ ಮನೆಗೆ ತಂದೆ. ಚಹಾದ ಪಾತ್ರೆಯಲ್ಲಿ ನೀರಿಟ್ಟು, ವಾಲ್ವಿಗೆ ದಾರ ಕಟ್ಟಿ ಇಳಿಬಿಟ್ಟು, ಒಲೆ ಹಚ್ಚಿದೆ. ನೀರು ಮರಳುವ ಹೊತ್ತಿಗೆ ಅದು ಮೆಲ್ಲಗೆ ಬಾಯಿ ಬಿಟ್ಟಿತು. ಒಲೆ ಆರಿಸಿದ ಮೇಲೆ ಮುಚ್ಚಿಕೊಂಡಿತು. ಅಷ್ಟು ಪ್ರಾಮಾಣಿಕವಾದ ವಸ್ತುವನ್ನು ನಾನು ಆ ಊರಿನಲ್ಲಿ ನೋಡಿದ್ದೇ ಕಡಿಮೆ. ವಾಪಸು ಹಾಕಿಸಿದೆ. ಆ ಪಾತ್ರೆಯಲ್ಲಿ ಮಾಡಿದ ಚಹಾ ಒಂದು ವಾರ ಡೀಸೆಲ್ ನಾರಿತು, ನಮ್ಮ ಮನೆಯವರು ಮಾತಾಡದೆ ಕುಡಿದರು. ಮಾತಾಡದೆ ಕುಡಿದದ್ದೇ ನನಗೆ ಸರಿಬರಲಿಲ್ಲ. ತಪ್ಪು ಮಾಡಿದ ಗಂಡಸು ಮಾತ್ರ ಕೆಟ್ಟ ಚಹಾ ಸುಮ್ಮನೆ ಕುಡಿಯುತ್ತಾನೆ.

ಕೊನೆಗೆ ಸಿಕ್ಕಿದ್ದು ಕೈಯಿಂದ. ಎಂಜಿನ್ ಕಾದ ಮೇಲೆ ಬಂದ್ ಮಾಡಿ, ಫ್ಯಾನ್ ನಿಂತ ಮೇಲೆ, ರೇಡಿಯೇಟರಿನ ಮೈಮೇಲೆ ಅಂಗೈ ಆಡಿಸಿದೆ. ಮೇಲುಗಡೆ ಕೈ ಇಡಲಾಗದಷ್ಟು ಸುಡುತ್ತಿತ್ತು, ಕೆಳಗೆ ನಡುಭಾಗ ತಣ್ಣಗಿತ್ತು. ಅಲ್ಲಿ ನೀರು ಹರಿಯುತ್ತಲೇ ಇಲ್ಲ, ಏನೋ ಕಟ್ಟಿಕೊಂಡಿದೆ ಅಂತ ಅರ್ಥ. ಮರುದಿನ ಬೆಳಿಗ್ಗೆ ಮನೆ ಮುಂದೆಯೇ ಕೆಳಗಿನ ಪೈಪು ಬಿಚ್ಚಿಸಿದೆ. ಹಳದಿ ರಾಡಿ ಗಳಗಳನೆ ಸುರಿಯಿತು.

ಪಕ್ಕದ ಮನೆಯಲ್ಲಿ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿದ್ದರು. ಆ ಮನೆಯ ಮುದುಕಿ ಹಳದಿ ನೀರು ನೋಡಿದ್ದೇ ಸೆರಗು ಬಾಯಿಗೆ ಒತ್ತಿಕೊಂಡಳು. "ಯವ್ವಾ, ಬಾನಾಮತಿ ಮಾಡ್ಯಾರ ನಿಮಗ! ನೀರ ದಾಟಬ್ಯಾಡ, ಅಲ್ಲೇ ನಿಂದರು!" ಬಾನಾಮತಿ ಅಂದರೆ ನಮ್ಮ ಕಡೆ ಮಾಟ. ಓಣಿಯ ಹೆಂಗಸರೆಲ್ಲ ಸೇರಿದರು, ಯಾರು ಮಾಡಿಸಿದ್ದು ಅನ್ನುವ ಚರ್ಚೆಯೂ ಎದ್ದಿತು, ನನಗೂ ಇಬ್ಬರ ಮುಖ ಕಣ್ಣ ಮುಂದೆ ಬಂದದ್ದು ನಿಜ. ಆದರೂ ಬೆರಳು ಅದ್ದಿ ಮೂಸಿ ನೋಡಿದೆ. ನನ್ನ ಅಡುಗೆ ಮನೆಯ ಅರಿಶಿನ! ತವರಿನಿಂದ ತಂದು, ಒಣಗಿಸಿ, ಕುಟ್ಟಿಸಿ ಡಬ್ಬಿಯಲ್ಲಿಟ್ಟದ್ದು. ಡಬ್ಬಿ ಇಳಿಯುತ್ತಿದೆ ಅಂತ ನನಗೆ ಮೊದಲೇ ಅನಿಸಿತ್ತು.

"ಏನ್ರೀ ಇದು?" ಅಂತ ಕೇಳಿದೆ.

ನಮ್ಮ ಮನೆಯವರು ತಲೆ ಕೆರೆದುಕೊಂಡರು. "ರೇಡಿಯೇಟರ್ ಸಣ್ಣಗ ಸೋರಾಕತ್ತಿತ್ತು. ಓಡುವಾಗ ಸೋರತಿತ್ತು, ಬಿಸಿಗಿ ಅಲ್ಲೇ ಆರತಿತ್ತು. ಅರಿಶಿಣ ಹಾಕಿದ್ರ ತೂತ ಮುಚ್ಚತೈತಿ, ಎಲ್ಲಾ ಡ್ರೈವರ್ ಹಾಕ್ತಾರ."

"ಎಷ್ಟ ಹಾಕೀರಿ?"

"ದಿನಾ ಸೊಲ್ಪ ಸೊಲ್ಪ."

ತೂತು ಮುಚ್ಚಲು ಹಾಕಿದ್ದು ಒಳಗಿನ ದಾರಿಗಳನ್ನೆಲ್ಲ ಮುಚ್ಚಿ ಕೂತಿತ್ತು. ಹೇಳದೆ ಮಾಡಿದರಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು. ನನ್ನ ಅರಿಶಿನದ ವಿಷಯವನ್ನೇ ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟಿದ್ದಾರೋ ಅನ್ನುವ ಯೋಚನೆ ಅವತ್ತು ಹೊಕ್ಕಿದ್ದು ಹೊರಗೆ ಹೋಗಲಿಲ್ಲ.

ರೇಡಿಯೇಟರ್ ಇಳಿಸಿ ಸ್ವಚ್ಛ ಮಾಡಿಸಿ, ತೂತಿಗೆ ಬೆಸುಗೆ ಹಾಕಿಸಿದೆವು. ಹೊಸ ಕ್ಯಾಪ್, ಹೊಸ ಪೈಪು, ಬಿಗಿಯಾದ ಫ್ಯಾನ್ ಬೆಲ್ಟು. ಬಿಸಿ ತೋರಿಸುವ ಮುಳ್ಳಿಗೆ ಅಲ್ಲಿ ಕಾಟಾ ಅನ್ನುತ್ತಿದ್ದರು. ಹಳೆಯದು ಕೆಟ್ಟಿದ್ದರಿಂದ ಹೊಸ ಕಾಟಾ ಹಾಕಿಸಿದೆ, ಅದೂ ಎರಡು ಸೀಟಿನ ನಡುವೆ, ನನಗೂ ಕಾಣುವ ಹಾಗೆ. ಅದಕ್ಕೆ ಬಲ್ಬಿರಲಿಲ್ಲ. ಇರಲಿ, ಹೊರಗಿನ ಬೆಳಕು ಸಾಕು ಅಂದುಕೊಂಡೆ. ಮರುದಿನ ಉರಿಬಿಸಿಲಿನಲ್ಲಿ ಗಂಟು ಹೇರಿಕೊಂಡು ಸುಲ್ತಾನ್ ಬಜಾರಿನ ಜಂಗುಳಿಯಲ್ಲಿ ನಿಂತು ನಿಂತು ಬಂದೆವು. ಮುಳ್ಳು ನಡುವೆ ನಿಂತದ್ದು ಅಲುಗಲಿಲ್ಲ. ಗಾಡಿಯ ಕಾಯಿಲೆ ವಾಸಿಯಾಯಿತು.

ಮಳೆಗಾಲ ಹೋಗಿ ಚಳಿ ಬಂತು, ಹೊತ್ತು ಬೇಗ ಮುಳುಗತೊಡಗಿತು. ಮತ್ತೆ ಶುರುವಾಯಿತು: "ಗಾಡಿ ಗರಂ ಆಗಿತ್ತು."

ಚಳಿಯಲ್ಲಿ! ಮಧ್ಯಾಹ್ನ ಬಿಸಿಲಲ್ಲಿ ತಣ್ಣಗಿರುವ ಗಾಡಿ, ತಂಪು ಗಾಳಿ ಬೀಸುವ ಸಂಜೆಯಲ್ಲಿ ಮಾತ್ರ ಬಿಸಿಯಾಗುತ್ತದೆ. ಅದೂ ನಾನು ಜೊತೆಗಿಲ್ಲದಾಗ ಮಾತ್ರ. ಯಾರ ಕಿವಿಗೆ ಹೂವಿಡುತ್ತಾರೆ ಇವರು? ಆಫೀಸಿನ ಗಾಡಿಗಳನ್ನು ನೋಡಿಕೊಳ್ಳುವ ಮನುಷ್ಯ ಮನೆ ಬಾಗಿಲಿಗೇ ಬಂದು, "ಇನ್ನೊಮ್ಮೆ ದಾರಿಯಲ್ಲಿ ನಿಂತರೆ ಬೇರೆ ಗಾಡಿ ಹಾಕುತ್ತೇವೆ" ಅಂತ ತೆಲುಗಿನಲ್ಲಿ ಹೇಳಿ ಹೋದ. ಆಫೀಸಿನ ಟ್ರಿಪ್ಪು ಹೋದರೆ ಊಟವೇ ಹೋಯಿತು. ಆದರೆ ನನಗೆ ರಾತ್ರಿ ನಿದ್ದೆ ಬಿಡಿಸಿದ್ದು ಊಟದ ಚಿಂತೆಯಲ್ಲ. ಗಾಡಿ ಕೆಟ್ಟರೆ ಬಿಚ್ಚಿ ನೋಡಬಹುದು, ಗಂಡ ಕೆಟ್ಟರೆ ಎಲ್ಲಿ ಅಂತ ಬಿಚ್ಚಿ ನೋಡುವುದು?

ಇನ್ನೊಂದು ವಿಷಯವಿತ್ತು. ಅವರ ಕರವಸ್ತ್ರದಿಂದ ಗುಲಾಬಿ ವಾಸನೆ ಬರುತ್ತಿತ್ತು. ಬಟ್ಟೆ ಒಗೆಯುವಾಗ ನಾಲ್ಕಾರು ಸಲ ಮೂಸಿ ಖಾತ್ರಿ ಮಾಡಿಕೊಂಡು ಕೇಳಿದೆ. "ಗುಲಾಬ್ ಜಲ. ಕಣ್ಣಿಗಿ ಬಿಡ್ತೀನಿ, ಧೂಳಿಗಿ ಕಣ್ಣ ಉರೀತಾವ" ಅಂದರು. ಊರಿನ ಡ್ರೈವರುಗಳೆಲ್ಲ ಅದೇ ಧೂಳಿನಲ್ಲಿ ಓಡಾಡುತ್ತಾರೆ, ಯಾರ ಮೈಯಲ್ಲೂ ಮದುವೆ ಮನೆಯ ವಾಸನೆ ಬರುವುದಿಲ್ಲ. ನಾನು ನಂಬಲಿಲ್ಲ. ಆ ಗಾಜಿನ ಕಟ್ಟಡಗಳಲ್ಲಿ ಕಸ ಗುಡಿಸುವವರು, ಚಹಾ ಕೊಡುವವರು ಎಷ್ಟು ಮಂದಿ ಹೆಂಗಸರಿರುತ್ತಾರೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು.

ಒಂದು ಸಂಜೆ ಅವರು ಹೊರಡುವ ಮೊದಲೇ ಹೋಗಿ ಮುಂದಿನ ಸೀಟಿನಲ್ಲಿ ಕೂತುಬಿಟ್ಟೆ.

"ನೀ ಎಲ್ಲಿಗಿ?" ಅಂದರು.

"ಮಾದಾಪುರಕ್ಕ. ಗಾಜಿನ ಮನಿ ನೋಡಬೇಕ್ರಿ, ದೀಪ ಹಚ್ಚಿದಾಗ ಭಾಳ ಚಂದ ಕಾಣ್ತಾವಂತ."

ಅವರ ಮುಖ ಸಪ್ಪಗಾಯಿತು. ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳ ಅಂದುಕೊಂಡೆ.

ಹೋಗುವಾಗ ಇನ್ನೂ ಬೆಳಕಿತ್ತು, ಚೆನ್ನಾಗಿಯೇ ಓಡಿಸಿದರು. ಆಫೀಸಿನವರು ಹತ್ತಿ ಕೂತು ವಾಪಸು ಹೊರಡುವಾಗ ಕತ್ತಲು ಇಳಿದಿತ್ತು. ನಾನು ಒಂದು ಕೈ ಎಂಜಿನ್ ಮುಚ್ಚಳದ ಮೇಲಿಟ್ಟು, ಕಣ್ಣು ಕಾಟಾದ ಮೇಲಿಟ್ಟು ಕೂತೆ. ಯಾವ ತಿರುವಿನಲ್ಲಿ, ಯಾರ ಮನೆ ಹತ್ತಿರ ಗಾಡಿ ನಿಲ್ಲುತ್ತದೋ ನೋಡಿಯೇ ಬಿಡೋಣ ಅಂತ ಹಲ್ಲು ಕಚ್ಚಿಕೊಂಡಿದ್ದೆ. ಅವರು ಮುಂದಿದ್ದ ಸಿಟಿ ಬಸ್ಸಿನ ಬೆನ್ನಿಗೆ ಅಂಟಿಕೊಂಡವರ ಹಾಗೆ ಹೋಗುತ್ತಿದ್ದರು. ಬಸ್ಸು ನಿಂತರೆ ನಿಲ್ಲುವುದು, ಹೊರಟರೆ ಹೊರಡುವುದು. ದಾಟಿ ಹೋಗಲು ಜಾಗವಿದ್ದರೂ ದಾಟಲಿಲ್ಲ. ಸ್ಟೇರಿಂಗ್ ಹಿಡಿದ ಕೈ ಬಿಗಿದುಕೊಂಡಿತ್ತು. ಹೆಂಡತಿ ಪಕ್ಕದಲ್ಲಿರುವುದಕ್ಕೆ ಈ ಸಂಕಟ ಅಂದುಕೊಂಡೆ.

ಬಸ್ಸು ಬೇರೆ ರಸ್ತೆಗೆ ತಿರುಗಿಕೊಂಡಿತು. ನಮ್ಮ ಮುಂದೆ ರಸ್ತೆ ಖಾಲಿಯಾಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರು ಗಾಡಿಯನ್ನು ಮೆಲ್ಲಗೆ ಎಡಕ್ಕೆ ತಂದು ನಿಲ್ಲಿಸಿದರು. "ಗರಂ ಆತು" ಅಂದರು.

ಮುಚ್ಚಳ ಬೆಚ್ಚಗಿತ್ತು ಅಷ್ಟೇ. ರಸ್ತೆ ಬದಿಯ ಅಂಗಡಿಯ ಬೆಳಕಿನಲ್ಲಿ ಮುಳ್ಳು ಸ್ಪಷ್ಟವಾಗಿ ಕಾಣುತ್ತಿತ್ತು, ಸರಿಯಾಗಿ ನಡುವೆ. ಸಿಕ್ಕಿಬಿದ್ದರು! ಆದರೂ ದನಿ ಏರಿಸದೆ ಕೇಳಿದೆ. "ಕಾಟಾ ಎಲ್ಲೈತ್ರಿ?"

"ಕೆಂಪಿಗಿ ಹತ್ತೈತಿ. ನಿನಗ ಕಾಣಸೂದಿಲ್ಲೇನ?"

ನಾನು ಅವರ ಮುಖ ನೋಡಿದೆ. ಸುಳ್ಳು ಹೇಳುವವನು ಕಣ್ಣು ತಪ್ಪಿಸುತ್ತಾನೆ. ಅವರು ತಪ್ಪಿಸಲಿಲ್ಲ. ಕಾಟಾ ಇದ್ದ ಕಡೆಗೇ ನೋಡುತ್ತಿದ್ದರು, ಆದರೆ ಆ ನೋಟ ಯಾವುದರ ಮೇಲೂ ನಿಂತಿರಲಿಲ್ಲ. ಏನೋ ಅನಿಸಿ, ನಾನು ನನ್ನ ಅಂಗೈಯನ್ನು ಕಾಟಾದ ಮೇಲೆ ಪೂರ್ತಿ ಮುಚ್ಚಿದೆ.

"ಈಗ ನೋಡ್ರಿ, ಇಳೀತೇನು?"

ಅವರು ಬಗ್ಗಿ ನೋಡಿದರು. ನನ್ನ ಕೈ ಅವರ ಮುಖದ ಮುಂದೆಯೇ ಇತ್ತು. "ಇಲ್ಲ. ಇನ್ನೂ ಕೆಂಪಿನ ಮ್ಯಾಲೇ ಐತಿ" ಅಂದರು.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಕತ್ತಲಾದರೆ ನನ್ನ ಗಂಡನಿಗೆ ಕಣ್ಣು ಕಾಣುತ್ತಿರಲಿಲ್ಲ. ಮುಂದಿನ ಗಾಡಿಯ ಕೆಂಪು ದೀಪವನ್ನು ಹಿಡಿದುಕೊಂಡು ಬರುತ್ತಿದ್ದರು, ಅದು ತಪ್ಪಿದ ಕಡೆ ನಿಲ್ಲಿಸಿ, ಇನ್ನೊಂದು ದೀಪ ಸಿಗುವ ತನಕ ಎಂಜಿನ್ ಮೇಲೆ ನೆವ ಹೇಳಿಕೊಂಡು ಕೂರುತ್ತಿದ್ದರು. ಡ್ರೈವರ್ ಕಣ್ಣು ಹೋಗಿದೆ ಅಂತ ಯಾರ ಹತ್ತಿರ ಹೇಳುವುದು? ನನ್ನ ಹತ್ತಿರವೂ ಹೇಳಲಿಲ್ಲ. ಬೇರೆ ಹೆಂಗಸು ಇದ್ದಿದ್ದರೂ ಜಗಳ ಮಾಡಿ ಗೆಲ್ಲುತ್ತಿದ್ದೆನೇನೋ. ಇದರ ಜೊತೆ ಏನಂತ ಜಗಳ ಮಾಡಲಿ?  ಹಿಂದೆ ಆ ಹುಡುಗ ಹುಡುಗಿಯರು ನಗುತ್ತ ಏನೋ ತಿನ್ನುತ್ತ ಕೂತಿದ್ದರು. ದಿನಾ ಹೀಗೇ ಕೂತಿರುತ್ತಿದ್ದರು.

ನಾನು ಹಿಂದಕ್ಕೆ ತಿರುಗಿ, ಎಲ್ಲರೂ ಇಳಿದು ಆಟೋ ಹಿಡಿಯಿರಿ ಅಂತ ಗಟ್ಟಿಯಾಗಿ ಹೇಳಿದೆ, "ಗಾಡಿ ಗರಂ ಹೋಗಯೀ. ಆಗೇ ನಹೀ ಜಾತೀ. ಸಬ್ ಉತರ್ ಜಾವ್, ಆಟೋ ಪಕಡ್ ಲೇವ್."

ಗೊಣಗಿದರು. ದಿನಾ ಇದೇ ನಾಟಕ ಅಂತ ಒಬ್ಬ ಅಂದ. ಬಾಗಿಲು ಧಡಾರೆಂದು ಹಾಕಿ ಒಬ್ಬೊಬ್ಬರೇ ಹೋದರು. ನಾಳೆಯಿಂದ ಬೇರೆ ಗಾಡಿ ಬರುತ್ತದೆ ಅಂತ ನನಗೆ ಆಗಲೇ ಗೊತ್ತಿತ್ತು.

ಎಲ್ಲರೂ ಇಳಿದ ಮೇಲೆ ನಮ್ಮ ಮನೆಯವರು ನನ್ನ ಕಡೆ ತಿರುಗಿದರು. 

"ಖರೇನ ಗರಂ ಆಗೈತೇನು?"

ನಾನು ಇಳಿದು, ಮುಂದಿನಿಂದ ಸುತ್ತಿ ಹೋಗಿ, ಅವರ ಬಾಗಿಲು ತೆರೆದೆ. ಅವರು ಒಂದು ಕಾಲು ಕೆಳಗೆ ಬಿಟ್ಟು ಮೆಟ್ಟಿಲು ಎಲ್ಲಿದೆ ಅಂತ ತಡಕಾಡುತ್ತಿದ್ದರು.

"ಇಲ್ಲೈತ್ರಿ, ಇಳೀರಿ" ಅಂದು ಕೈ ಕೊಟ್ಟೆ.